ಕಣ್ಣಿಗೊತ್ತಿಕೊಂಡ ಹಾಳೆ

ಹೊಸೂರಿನ ಹೊರಗಿರುವ ಒಂದು ಕಾಗದದ ಮಿಲ್ಲಿನಲ್ಲಿ ನನಗೆ ಕೆಲಸ. ಹಳೆ ಕಾಗದ ಅರೆದು ರಟ್ಟು ಮಾಡುವ ಮಿಲ್ಲು. ಹೊರದೇಶದ ರದ್ದಿ ಹಡಗಿನಲ್ಲಿ ಚೆನ್ನೈಗೆ ಬಂದು, ಅಲ್ಲಿಂದ ಕಂಟೇನರ್ ಲಾರಿಯಲ್ಲಿ ನಮ್ಮ ಗೇಟಿಗೆ ಬರುತ್ತದೆ. ಬಂಡಲ್‌ಗಳ ತಂತಿ ಕತ್ತರಿಸಿ, ತೇವ ಎಷ್ಟಿದೆ, ಕಸ ಎಷ್ಟಿದೆ ಎಂದು ನೋಡಿ ಚೀಟಿಗೆ ಸಹಿ ಹಾಕುವವನು ನಾನು. "ಫಾರಿನ್ ಮಾಲು, ನಾರು ಉದ್ದ" ಎಂದು ನಮ್ಮ ಮ್ಯಾನೇಜರು ಹೇಳುವುದನ್ನು ಕೇಳಿದರೆ, ನೋಡಿ ಬಂದ ಹೆಣ್ಣಿನ ಜಡೆ ಹೊಗಳುತ್ತಿದ್ದಾರೆ ಅನ್ನಿಸಬೇಕು.

ನಾರು ಉದ್ದವಿದ್ದಷ್ಟೂ ರಟ್ಟು ಗಟ್ಟಿ, ಅವರು ಅನ್ನುವುದು ಸುಳ್ಳಲ್ಲ. ನಾನು ಸೇರಿದ ಹೊಸತರಲ್ಲಿ ಬರುತ್ತಿದ್ದುದು ಆಫೀಸುಗಳ ಬಿಳಿ ಕಾಗದ, ದಪ್ಪ ರಟ್ಟು. ಆಮೇಲೆ ಚೀನಾ ಇಂಥ ಮಾಲು ಬೇಡವೆಂದು ಬಾಗಿಲು ಹಾಕಿಕೊಂಡಿತು. ಅಲ್ಲಿಗೆ ಹೋಗಬೇಕಾದದ್ದು ಇತ್ತ ತಿರುಗಿತು. ಈಗ ಬಂಡಲ್ ಬಿಚ್ಚಿದರೆ ಹೇಲು ಮೆತ್ತಿದ ಡೈಪರು, ಬೆಕ್ಕಿನ ಊಟದ ಡಬ್ಬಿ, ಒಡೆದ ಗಾಜು, ಹುಳ ಬಿದ್ದ ಮಾಂಸದ ಕವರು. ವಾರಗಟ್ಟಲೆ ಸಮುದ್ರದ ಮೇಲೆ ಕುದ್ದ ಆ ನಾತ ಎಷ್ಟು ತೊಳೆದರೂ ಹೋಗದು. ಮಧ್ಯಾಹ್ನ ಮುದ್ದೆ ಮುರಿದರೆ ಬೆರಳಿನಿಂದಲೇ ಬರುತ್ತದೆ. ಶ್ರೀಮಂತ ದೇಶದವರು ಯಂತ್ರ ಮಾರಲಿ, ಔಷಧಿ ಮಾರಲಿ, ಅದು ವ್ಯಾಪಾರ. ಮಗುವಿನ ಕುಂಡೆ ಒರೆಸಿದ್ದನ್ನೂ ಸರಕು ಎಂದು ಬರೆದು ಕಳಿಸುತ್ತಾರಲ್ಲ, ಥೂ! ಅದನ್ನು ಕಾಸು ಕೊಟ್ಟು ಇಳಿಸಿಕೊಳ್ಳುವ ನಮಗಾದರೂ ನಾಚಿಕೆ ಬೇಡವೇ?

ಈ ಕಸ ಆರಿಸಲು ಬಾಗಲೂರು ಕಡೆಯ ಹೆಂಗಸರು ಬರುತ್ತಾರೆ. ಅವರಲ್ಲಿ ಐವತ್ತರ ಆಸುಪಾಸಿನ ಒಬ್ಬರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮೇಸ್ತ್ರಿಯ ಹತ್ತಿರ ತಮಿಳು, ಪಕ್ಕದವಳ ಹತ್ತಿರ ತೆಲುಗು, ನನ್ನ ಹತ್ತಿರ ಕನ್ನಡ. ಓದು ಬರೆಹ ಬಾರದು. ಆದರೆ ಕಾಗದ ತುಳಿಯುವುದೆಂದರೆ ಅವರಿಗೆ ಜೀವ ಹೋದಂತೆ. ದಿನವಿಡೀ ಕಾಗದದ ರಾಶಿಯ ಮೇಲೇ ನಿಲ್ಲಬೇಕಾದವರು ಏನು ಮಾಡಿಯಾರು? ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಬೆಳಿಗ್ಗೆ ಮೊದಲ ಬಂಡಲ್ ಬಿಚ್ಚಿದ ಕೂಡಲೇ ಒಂದು ಹಾಳೆ ಎಳೆದು, ಎರಡೂ ಕಣ್ಣಿಗೆ ಒತ್ತಿಕೊಂಡು, "ತಾಯೀ ಸರಸ್ವತೀ, ಕಾಲಿಡ್ತೀವಿ, ಕ್ವಾಪ ಮಾಡ್ಕಬ್ಯಾಡ" ಎಂದು ಬೇಡಿ, ಆಮೇಲೆ ರಾಶಿ ಹತ್ತುವುದು. ಮಿಕ್ಕವರೂ ಅದನ್ನೇ ಕಲಿತರು. ಆ ಹೊತ್ತಿಗೆ ಕೈಯ ಗ್ಲೌಸನ್ನೂ ಕಳಚಿಡುತ್ತಿದ್ದರು. "ಗ್ಲೌಸಾಕ್ಕೊಂಡು ದೇವ್ರನ್ನ ಮುಟ್ತಾರೇನಪ್ಪಾ?" ಎಂದು ನನ್ನನ್ನೇ ಕೇಳಿದ್ದರು.

ಒಂದು ದಿನ ಮೊದಲ ಬಂಡಲ್ಲೇ ಒದ್ದೆಯಾಗಿತ್ತು, ನಾರುತ್ತಿತ್ತು. ವಾಪಸ್ ಎಂದು ಬರೆದರೆ ಮಿಷನ್ ನಿಲ್ಲುತ್ತದೆ, ಮ್ಯಾನೇಜರು ಕುಣಿಯುತ್ತಾರೆ. ಓಕೆ ಎಂದು ಸಹಿ ಹಾಕಿದೆ. ಅಕ್ಕ ಹಾಳೆ ಎಳೆದರು. ಅದರ ತುದಿಯಿಂದ ಏನೋ ತೊಟ್ಟಿಕ್ಕುತ್ತಿದ್ದುದು ನನಗೆ ಕಾಣುತ್ತಿತ್ತು. ಬಾಯಿ ಬಿಡಲಿಲ್ಲ. ಅವರ ಭಕ್ತಿಗೆ ಅಡ್ಡ ಬರುವುದು ಯಾಕೆ ಅಂದುಕೊಂಡೆ.

ಸಂಜೆಗೆ ಅಕ್ಕನ ಎಡಗಣ್ಣು ಕೆಂಪಗಾಯಿತು. ಊರಿನ ಬಾಣಂತಿಯೊಬ್ಬಳ ಎದೆಹಾಲು ಬಿಟ್ಟುಕೊಂಡು ಎರಡು ದಿನ ಕಳೆದರು. ಮೂರನೆಯ ದಿನ ರೆಪ್ಪೆ ತೆರೆಯಲಾಗದೆ ಹೊಸೂರಿನ ಆಸ್ಪತ್ರೆಗೆ ಬಂದರು. ಗಾಜಿನ ಪುಡಿ ಗೀರಿದ ಜಾಗಕ್ಕೆ ಕೊಳಕು ಸೇರಿ ಹುಣ್ಣಾಗಿದೆ, ಬೆಂಗಳೂರಿಗೆ ಕರೆದುಕೊಂಡು ಹೋಗಿ, ಕಣ್ಣು ಉಳಿಯುವುದು ಕಷ್ಟ ಎಂದರು ಡಾಕ್ಟರು. ಉಳಿಯಲಿಲ್ಲ.

"ಕಣ್ಣಿಗೆ ಒತ್ಕೊ ಅಂತ ಕಂಪನಿ ಹೇಳಿತ್ತಾ? ಗ್ಲೌಸ್ ಕೊಟ್ಟಿದ್ದೀವಲ್ಲ" ಎಂದರು ಮ್ಯಾನೇಜರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೆಲಸದವಳ ಅಜಾಗರೂಕತೆ ಎಂದು ಅವರು ಹೇಳುತ್ತಾ ಹೋದರು, ನಾನು ಅಪಘಾತದ ವರದಿಯಲ್ಲಿ ಬರೆಯುತ್ತಾ ಹೋದೆ. ಡೈಪರು ಹಿಡಿದಾಗಲೂ ಅಷ್ಟು ಹೇಸಿಗೆ ಆಗಿರಲಿಲ್ಲ, ನನ್ನ ಕೈ ನೋಡಿಕೊಂಡು ಆಯಿತು.

ಭಾನುವಾರ ಅವರ ಮನೆಗೆ ಹೋದೆ. ಬಂಡಲ್ ಒದ್ದೆ ಇದ್ದುದು ನನಗೆ ಗೊತ್ತಿತ್ತು, ಗೊತ್ತಿದ್ದೇ ಸಹಿ ಹಾಕಿದೆ ಎಂದು ಹೇಳಿಬಿಟ್ಟೆ. ಬೈಯುತ್ತಾರೆಂದು ಕಾದೆ. ಅಕ್ಕ ಕಟ್ಟಿದ ಕಣ್ಣನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

"ಆಗಿದ್ದಾಗೋಯ್ತು ಕಣಪ್ಪ. ನನ್ ಜಾಗಕ್ಕೆ ಬ್ಯಾರೆಯೋರ್ನ ತಕಾಬ್ಯಾಡಿ. ಸೊಸೇನ ಕಳಿಸ್ತೀನಿ, ವಸಿ ಹೇಳಿ ಸೇರಿಸ್ಬುಡು."

ಸೇರಿಸಿದೆ. ಸೋಮವಾರ ಸೊಸೆ ಬಂದಳು. ನಾನು ತಂತಿ ಕತ್ತರಿಸುತ್ತಿದ್ದಂತೆ ಅವಳು ಅತ್ತೆ ಹೇಳಿಕೊಟ್ಟಂತೆ ಗ್ಲೌಸ್ ಕಳಚತೊಡಗಿದಳು.

"ಬೇಡಮ್ಮ, ಮುಟ್ಬೇಡ. ಇದು ಸರಸ್ವತಿ ಅಲ್ಲ, ಹೇಲು" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು.

"ಮತ್ಯಾಕಣ್ಣ ನಮ್ಮನ್ನ ಇದ್ರೊಳಕ್ಕೆ ಇಳಿಸ್ತೀಯ?"

ಹಿಂದೆ ಲಾರಿಯವನು ಹಾರನ್ ಹೊಡೆಯುತ್ತಿದ್ದ. ನಾನು ಚೀಟಿಗೆ ಸಹಿ ಹಾಕಿದೆ.