ಸೊಟ್ಟ ಹೊಲಿಗೆ ಬಾರದ ಕೈ

ನಮ್ಮ ಸೋದರತ್ತೆಯನ್ನು ಮನೆಯಲ್ಲೂ ಕೆಲಸದ ಜಾಗದಲ್ಲೂ ಎಲ್ಲರೂ ಸೂಜಿಯತ್ತೆ ಎಂದೇ ಕರೆಯುವುದು. ನಾಟಕ, ಸಿನಿಮಾಗಳಿಗೆ ಹಳೆಯ ಕಾಲದ ಉಡುಪು ಹೊಲಿದುಕೊಡುವ ಕಾರ್ಖಾನೆಯಲ್ಲಿ ಆಕೆಗೆ ಇಪ್ಪತ್ತೊಂಬತ್ತು ವರ್ಷದಿಂದ ಕೈಹೊಲಿಗೆಯ ಕೆಲಸ. ಎರಡನೇ ಮಹಡಿಯ ಉದ್ದನೆಯ ಕೋಣೆಯಲ್ಲಿ, ಕಿಟಕಿಗೆ ತಾಗಿಸಿ ಹಾಕಿದ ಕುರ್ಚಿ ಅವಳದು. ಅದರಲ್ಲಿ ಬೇರೆ ಯಾರೂ ಕೂರುವಂತಿಲ್ಲ.

ದಾರವನ್ನು ಒಂದು ಮೊಳಕ್ಕಿಂತ ಉದ್ದ ಕತ್ತರಿಸುತ್ತಿರಲಿಲ್ಲ; ಉದ್ದವಾದರೆ ಸಿಕ್ಕು. ಕತ್ತರಿಸಿದ್ದನ್ನು ಜೇನುಮೇಣದ ಉಂಡೆಯ ಮೇಲೆ ಎರಡು ಸಲ ಎಳೆದು, ಕಾಗದದ ನಡುವೆ ಇಟ್ಟು ಬಿಸಿ ಇಸ್ತ್ರಿ ಮುಟ್ಟಿಸುತ್ತಿದ್ದಳು. ಗಂಟು ಹಾಕಿದರೆ ಬಟ್ಟೆಗೆ ಮೊಡವೆ ಎದ್ದ ಹಾಗೆ ಎನ್ನುತ್ತಿದ್ದಳು. ಒಂದೇ ಜಾಗದಲ್ಲಿ ಎರಡು ಪುಟ್ಟ ಹೊಲಿಗೆ ಹಾಕಿ ಶುರು ಮಾಡುತ್ತಿದ್ದಳು. ಸೂಜಿ ಚುಚ್ಚಿ ಬಟ್ಟೆಗೆ ರಕ್ತ ತಾಗಿದರೆ ತನ್ನ ಎಂಜಲು ಹಚ್ಚಿ ಉಜ್ಜುತ್ತಿದ್ದಳು. ಇಂಚಿಗೆ ಹನ್ನೆರಡು ಹೊಲಿಗೆ. ಚಿಕ್ಕವಳಿದ್ದಾಗ ಕಲಿಸಿಕೊಟ್ಟ ದೊಡ್ಡಮ್ಮ, ಒಂದೇ ಒಂದು ಹೊಲಿಗೆ ಹಿಗ್ಗಿದರೂ ಇಡೀ ಸಾಲು ಬಿಚ್ಚಿಸುತ್ತಿದ್ದಳಂತೆ.

ಅಂಥವಳು ಒಂಬತ್ತು ದಿನ ಕೂತು ಹೊಲಿದ ಸೇನಾಪತಿಯ ಉಣ್ಣೆಯ ನಿಲುವಂಗಿಯನ್ನು ಹೊಸ ಡಿಸೈನರ್ ಎರಡು ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟ. ಒಳ್ಳೆಯವನೇ, ಮರ್ಯಾದಸ್ಥ. ಹೇಗೆ ಹೇಳುವುದೆಂದು ಸ್ವಲ್ಪ ಹೊತ್ತು ಒದ್ದಾಡಿದ.

"ತಪ್ಪು ತಿಳ್ಕೋಬೇಡಿ ಅಮ್ಮ. ಇದು ಮಿಷನ್‌ನಲ್ಲಿ ಹೊಲಿದ ಹಾಗಿದೆ. ಕೈಯಲ್ಲಿ ಹೊಲಿದದ್ದು ಅಂತ ನೋಡಿದೋರಿಗೆ ಗೊತ್ತಾಗ್ಬೇಕು. ಸ್ವಲ್ಪ ಸೊಟ್ಟ ಮಾಡಿಕೊಡಿ."

ಅತ್ತೆಗೆ ಮೊದಲು ತಮಾಷೆ ಅನ್ನಿಸಿತು. ತಮಾಷೆಯಲ್ಲವೆಂದು ಗೊತ್ತಾದಾಗ ಮೈ ಉರಿಯಿತು. ಆ ಅಂಗಿಯ ಅಳತೆ ತೆಗೆದದ್ದು ಊರಿನ ವಸ್ತುಸಂಗ್ರಹಾಲಯದಲ್ಲಿದ್ದ, ಇನ್ನೂರು ವರ್ಷ ಹಳೆಯ ಅಂಗಿಯಿಂದ. ಮಾರನೇ ದಿನ ಅವನನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. ಆಗಿನವರೇನು ಕಣ್ಣು ಮುಚ್ಚಿಕೊಂಡು ಹೊಲಿಯುತ್ತಿದ್ದರೇ, ಎಣಿಸಿ ನೋಡಿ ಎಂದಳು. ಅವನು ಗಾಜಿಗೆ ಮೂಗು ತಾಗಿಸಿ, ತುಟಿ ಅಲ್ಲಾಡಿಸುತ್ತ ಎಣಿಸಿದ. ಹನ್ನೆರಡೇ ಇದ್ದವು.

"ನಿಜ ಅಮ್ಮ. ಆದ್ರೆ ಇದನ್ನ ಯಾರು ನಂಬ್ತಾರೆ?" ಎಂದ.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಅತ್ತೆಯ ಕೈಯ ಪಾತ್ರೆಗಳು ಮಾತಾಡಿದವು.

ಸೊಟ್ಟ ಹೊಲಿಯಲು ಆಕೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಹೊಲಿದದ್ದನ್ನು ಬಿಚ್ಚಿ, ಕನ್ನಡಕ ತೆಗೆದಿಟ್ಟು ಹೊಲಿದಳು. ಎಡಗೈಯಲ್ಲಿ ಹೊಲಿದಳು. ಬೇಕೆಂದೇ ನನ್ನೊಡನೆ ಹರಟುತ್ತ ಹೊಲಿದಳು. ಮೂರು ಇಂಚು ದಾಟುವುದರೊಳಗೆ ಕೈ ತನ್ನಷ್ಟಕ್ಕೆ ದಾರಿಗೆ ಬಂದುಬಿಡುತ್ತಿತ್ತು. ಕೊನೆಗೆ ಅಂಗಿಯನ್ನು ತಂದು ನಮ್ಮಮ್ಮನ ಮಡಿಲಿಗೆ ಹಾಕಿದಳು. ಕಳಚಿದ ಗುಂಡಿಯನ್ನೂ ನಾದಿನಿಯ ಕೈಗೇ ಕೊಡುತ್ತಿದ್ದವಳು ನಮ್ಮಮ್ಮ.

"ಅತ್ತಿಗೆ, ನಿಮಗೆ ಹೊಲಿಗೆ ಬರಲ್ಲ ಅಲ್ವಾ? ಹಾಗೇ ಹೊಲಿದುಕೊಡಿ," ಎಂದಳು.

ಅಮ್ಮನಿಗೆ ಹಿಗ್ಗೋ ಹಿಗ್ಗು. ನಾಲಿಗೆ ಕಚ್ಚಿಕೊಂಡು ಎರಡು ದಿನ ಹೊಲಿದಳು. ಸಾಲು ಬೆಕ್ಕು ಅಟ್ಟಿಸಿಕೊಂಡು ಹೋದ ಇಲಿಯ ಹಾಗೆ ಓಡಿತ್ತು. ಅದನ್ನು ನೋಡಿದ ಡಿಸೈನರ್, ಈಗ ಬಟ್ಟೆಗೆ ಜೀವ ಬಂತು ಎಂದನಂತೆ. ಮನೆಗೆ ಬಂದು ಆ ಸುದ್ದಿ ಹೇಳುವಾಗ ಅತ್ತೆಯ ಮುಖ ನೋಡುವ ಹಾಗಿರಲಿಲ್ಲ.

ಚಿತ್ರೀಕರಣದಲ್ಲಿ ಸೇನಾಪತಿ ಕತ್ತಿ ಎತ್ತಿದ್ದೇ ತಡ, ಕಂಕುಳಿನಿಂದ ಸೊಂಟದವರೆಗೆ ಜೀವ ಬಂದ ಬಟ್ಟೆ ಬಾಯಿಬಿಟ್ಟಿತು. ಅರವತ್ತು ಜನ ಕೆಲಸ ನಿಲ್ಲಿಸಿ ಕಾದರು. ಅತ್ತೆಯನ್ನು ಕಾರು ಕಳಿಸಿ ಕರೆಸಿದರು. ಆಕೆ ಒಳಗಡೆ ತನ್ನ ಪುಟ್ಟ ಹೊಲಿಗೆ ಹಾಕಿ ಭದ್ರ ಮಾಡಿದಳು. ಹೊರಗಡೆ ಅಮ್ಮನ ಸೊಟ್ಟ ಸಾಲನ್ನು ಹಾಗೇ ಬಿಟ್ಟಳು. ಡಿಸೈನರ್‌ಗೆ ಇದು ಹಿಡಿಸಿಬಿಟ್ಟಿತು. ಇನ್ನು ಮೇಲೆ ಹೀಗೇ ಮಾಡೋಣ, ಹೊರ ಹೊಲಿಗೆಗೆ ನಿಮ್ಮ ಅತ್ತಿಗೆಯೂ ಬರಲಿ ಎಂದ.

ಹೀಗೆ ನಮ್ಮಮ್ಮ ಐವತ್ತೆರಡನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಳು. ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಒಂದೇ ಬಟ್ಟೆಯ ಎರಡು ಕಡೆ ಕೂರುತ್ತಿದ್ದರು. ಎದುರಿಗೇ ನಡೆಯುವ ಅನಾಹುತ ನೋಡಿಕೊಂಡು ಸುಮ್ಮನಿರುವುದು ಅತ್ತೆಯಿಂದ ಆಗಲಿಲ್ಲ. ಸೂಜಿ ಹಾಗೆ ಹಿಡೀಬೇಡಿ, ದಾರ ಅಷ್ಟು ಎಳೀಬೇಡಿ ಎಂದು ಬೆಳಗಿನಿಂದ ಸಂಜೆಯವರೆಗೆ ಗೊಣಗಾಟ. ಆರು ತಿಂಗಳಲ್ಲಿ ಅಮ್ಮನ ಸಾಲು ನೆಟ್ಟಗಾಯಿತು. ಇಂಚಿಗೆ ಒಂಬತ್ತಕ್ಕೆ ಬಂತು. ಡಿಸೈನರ್ ಕೈ ಮುಗಿದು, ಬೇರೆ ದಾರಿಯಿಲ್ಲವೆಂದು ಅವಳನ್ನು ಮನೆಗೆ ಕಳಿಸಿದ.

"ಚೆನ್ನಾಗಿ ಕಲಿಸಿ ನನ್ನ ಕೆಲಸ ಕಳೆದೆಯಲ್ಲೇ," ಎಂದು ಅಮ್ಮ ನಕ್ಕಳು. ಅತ್ತೆ ನಗಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಕಲಿತದ್ದು ನಿಮ್ಮ ತಪ್ಪಲ್ಲ ಅತ್ತಿಗೆ ಎಂದಳು.

ಈಗ ಹೊರ ಹೊಲಿಗೆಯನ್ನು ಡಿಸೈನರೇ ಹಾಕುತ್ತಾನೆ. ಸ್ಟೂಲ್ ಎಳೆದುಕೊಂಡು ಅತ್ತೆಯ ಪಕ್ಕದಲ್ಲೇ ಕೂರುತ್ತಾನೆ. ಗಂಟು ಹಾಕುತ್ತಾನೆ, ದಾರವನ್ನು ಮಾರುದ್ದ ಕತ್ತರಿಸಿ ಸಿಕ್ಕು ಮಾಡಿಕೊಳ್ಳುತ್ತಾನೆ, ಗಳಿಗೆಗೊಮ್ಮೆ ಬೆರಳು ಚುಚ್ಚಿಕೊಳ್ಳುತ್ತಾನೆ. ತಿದ್ದಲು ಅತ್ತೆಯ ಕೈ ಕಡಿಯುತ್ತದೆ. ಆದರೆ ಇವನೂ ಕಲಿತುಬಿಟ್ಟರೆ ಏನು ಗತಿ? ತುಟಿ ಬಿಗಿಹಿಡಿದು, ಕಿಟಕಿಯ ಕಡೆ ತಿರುಗಿ, ತನ್ನ ಒಳಸಾಲನ್ನು ಮುಂದುವರಿಸುತ್ತಾಳೆ.