ತಮ್ಮನ ಮೈಯಲ್ಲಿ ಅಕ್ಕನ ಕಿಡ್ನಿ

ಇಸ್ತ್ರಿ ಅಕ್ಕನಿಗೆ ಕೂತಲ್ಲಿ ಕೂತು ಗೊತ್ತೇ ಇಲ್ಲ. ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಬಂದವಳು ಎಂದು ಹೆತ್ತಮ್ಮನೇ ಹೇಳುತ್ತಿದ್ದಳು. ತಮ್ಮನಿಗೆ ಒಂದು ಕಿಡ್ನಿ ಕೊಟ್ಟ ಮೇಲಂತೂ ಆ ಚಕ್ರ ಇನ್ನೂ ಜೋರಾಯಿತು. ಒಂದು ಮಗು ಮಡಿಲಲ್ಲಿ, ಇನ್ನೊಂದು ಬೀದಿಯಲ್ಲಿ ಇರುವ ತಾಯಿಯ ಹಾಗಾಯಿತು ಅವಳ ಗತಿ.

ತಮ್ಮನೆಂದರೆ ಅವಳ ಬೆನ್ನಿಗೆ ಬಿದ್ದವನು, ಕಟ್ಟಡಗಳಿಗೆ ಬಣ್ಣ ಬಳಿಯುವವನು. ನಗಿಸುವುದರಲ್ಲಿ ಗಟ್ಟಿಗ. ಆಪರೇಷನ್ ಮುಗಿದು ಕಣ್ಣು ಬಿಟ್ಟವನೇ, "ಅಕ್ಕಾ, ಇನ್ಮೇಲೆ ನಂಗೂ ನಿನ್ನ ಥರ ಮೂಗಿನ ತುದೀಲೇ ಕೋಪ ಬರುತ್ತಾ?" ಎಂದು ಕೇಳಿದ್ದ. ನರ್ಸಮ್ಮ ನಕ್ಕು ನಕ್ಕು ಕೈಲಿದ್ದ ಹತ್ತಿಯನ್ನೆಲ್ಲ ಚೆಲ್ಲಿದಳು. ಪಾಪ, ಆ ನರ್ಸಮ್ಮನಿಗೂ ಮನೆ ತುಂಬ ತಮ್ಮಂದಿರಂತೆ, ಒಬ್ಬನೂ ಇವಳ ಮಾತು ಕೇಳುವವನಲ್ಲವಂತೆ... ಅದಿರಲಿ.

ಅವನು ಜೀವ ಇರುವ ತನಕ ಮಾತ್ರೆ ನುಂಗಬೇಕಿತ್ತು. ಬಿಟ್ಟರೆ ಮೈ ಆ ಕಿಡ್ನಿಯನ್ನು ಹೊರಗಿನದೆಂದು ದೂಡಿಬಿಡುತ್ತದಂತೆ, ಬಂದ ಸೊಸೆಯನ್ನು ಅತ್ತೆ ಸೇರಿಸಿಕೊಳ್ಳುವುದಿಲ್ಲವಲ್ಲ, ಹಾಗೆ. ಮೊದಮೊದಲು ನುಂಗಿದ. ವರ್ಷ ತಿರುಗುವಷ್ಟರಲ್ಲಿ ಮೈ ಗಟ್ಟಿಯಾಯಿತು, ತಲೆ ಸಡಿಲವಾಯಿತು.

ಒಂದು ದಿನ ಪಕ್ಕದಂಗಡಿಯ ದರ್ಜಿ ಅವಳ ಇಸ್ತ್ರಿ ಅಂಗಡಿಯ ಬಾಗಿಲಿಗೆ ಬಂದು ನಿಂತ. "ಅಕ್ಕಾ, ನಾನು ಚಾಡಿ ಹೇಳೋನಲ್ಲ..."

"ಹಾಗಂದ್ರೆ ಚಾಡಿನೇ. ಬೇಗ ಹೇಳು."

"ನಿಮ್ಮ ತಮ್ಮ ಬಾಟ್ಲಿ ಹಿಡ್ಕೊಂಡು ಗೋಡೌನ್ ಹಿಂದೆ ಕೂತಿದ್ದ. ನಿನ್ನೆನೂ, ಮೊನ್ನೆನೂ."

ಇಸ್ತ್ರಿಪೆಟ್ಟಿಗೆ ಹಿಡಿದ ಕೈ ಅಲ್ಲೇ ನಿಂತಿತು. ಕೆಳಗಿದ್ದದ್ದು ಯಾರದೋ ಮದುವೆಗೆಂದು ಕೊಟ್ಟ ಬಿಳಿ ಅಂಗಿ. ಸುಟ್ಟ ವಾಸನೆ ಬಂದಾಗಲೇ ಅವಳಿಗೆ ಎಚ್ಚರ. ಅಂಗಿಯ ಬೆನ್ನ ಮೇಲೆ ಕಂದು ಗುರುತು ಕೂತಿತ್ತು. ಅಂಗಿಯನ್ನು ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ತಮ್ಮ ತಾನು ಬಣ್ಣ ಬಳಿಯುತ್ತಿದ್ದ ಕಟ್ಟಡದ ಮೂರನೇ ಮಹಡಿಗೆ ಕಟ್ಟಿದ ಸಾರುವೆಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಮೂಗಿಗೆ ಬಟ್ಟೆಯಿಲ್ಲ, ತಲೆ ತುಂಬ ಸುಣ್ಣದ ಪುಡಿ.

"ಇಳಿಯೋ ಕೆಳಗೆ! ಮಾತ್ರೆ ತಗೊಂಡ್ಯಾ? ನೀರು ಕುಡಿದ್ಯಾ? ಸರಿಯಾಗಿ ಹೋಗ್ತಿದ್ಯಾ?"

ಮೇಲಿದ್ದ ಕೆಲಸದವರೆಲ್ಲ ಕಿಸಕ್ಕನೆ ನಕ್ಕರು. ತಮ್ಮ ಇಳಿದು ಬಂದ. ಯಾವಾಗಲೂ ನಗುವ ಮುಖ ಆವತ್ತು ನಗಲಿಲ್ಲ.

"ನಾನು ಉಚ್ಚೆ ಹೊಯ್ದ್ರೂ ನಿಂಗೆ ವರದಿ ಒಪ್ಪಿಸ್ಬೇಕಾ ಅಕ್ಕಾ? ಉಸಿರು ಬಿಟ್ರೂ ನಿನ್ನ ಮುಖ ನೋಡ್ಬೇಕು. ಒಂದು ಚೂರು ಕೊಟ್ಟು ಇಡೀ ಮನುಷ್ಯನ್ನೇ ಕೊಂಡ್ಕೊಂಡ್ಯಲ್ಲೇ! ಬೇಕಾದ್ರೆ ಕೊಯ್ದು ವಾಪಸ್ ತಗೊಂಡ್ಬಿಡು."

ಅವಳು ತಿರುಗಿ ನಡೆದಳು. ಅವನ ಬಾಯಿಂದ ಬಂದ ವಾಸನೆ ಅವಳನ್ನು ಮನೆಯವರೆಗೂ ಹಿಂಬಾಲಿಸಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಎದೆ ಬಡಿದುಕೊಂಡಳು. ಅವನ ಹೊಸಿಲು ಇನ್ನು ತುಳಿಯುವುದಿಲ್ಲ ಎಂದಳು. ಆದರೆ ಆ ವಾರ ಅವಳು ತುಳಿಯದ ರಸ್ತೆಯಿಲ್ಲ. ಸೋಪಿಗೆಂದು ಹೊರಟು ಬರಿಗೈಯಲ್ಲಿ ಬಂದಳು. ಮಲಗಿದರೆ ಪಕ್ಕೆಯ ಗಾಯದ ಗುರುತು ತುರಿಸಿತು, ಎದ್ದರೆ ಕೋಣೆ ಚಿಕ್ಕದಾಯಿತು.

ಗೋಡೆಯ ಶಿಲುಬೆಯ ಮುಂದೆ ನಿಂತು ಜಗಳಕ್ಕೇ ಬಿದ್ದಳು. "ಸ್ವಾಮಿ, ನೀನೂ ನಿನ್ನ ಮೈ ಕೊಟ್ಟೆ, ಸತ್ತು ಮೂರನೇ ದಿನಕ್ಕೆ ಎದ್ದೆ. ನಾನು ಕೊಟ್ಟು ವರ್ಷವಾಯ್ತು. ಇಲ್ಲಿ ಏನೂ ಏಳ್ಲಿಲ್ಲ, ಅವನು ಬಿದ್ದದ್ದೊಂದೇ! ಯಾತಕ್ಕೆ ಕೊಡಿಸ್ದೆ ನನ್ನ ಕೈಲಿ?"

ಒಳಗಿಂದ ಅಮ್ಮ, "ಸ್ವಲ್ಪ ಮೆತ್ತಗೆ ಕೇಳೇ, ಆತನಿಗೇನು ಕಿವುಡಾ?" ಎಂದಳು.

ಭಾನುವಾರ ದೇವಾಲಯಕ್ಕೆ ಹೋದಾಗಲೂ ಅದೇ ಕುದಿ. ಆವತ್ತು ಸ್ವಾಮಿಯ ದೇಹವೆಂದು ರೊಟ್ಟಿ ಹಂಚುವ ಪ್ರಭುಭೋಜನವಿತ್ತು. ಜನ ಸಾಲಾಗಿ ಪಾದ್ರಿ ಅಯ್ಯನವರ ಮುಂದೆ ಹೋಗಿ ಮೊಣಕಾಲೂರುತ್ತಿದ್ದರು. ಅವಳೂ ಊರಿದಳು. ಪಕ್ಕದಲ್ಲಿ ಯಾರೋ ಬಂದು ಊರಿದರು; ಬಣ್ಣದೆಣ್ಣೆಯ ವಾಸನೆಗೇ ತಿಳಿಯಿತು, ತಮ್ಮ. ತಲೆ ತಗ್ಗಿಸಿದ್ದ. ಅಂಗೈ ಚಾಚಿದ್ದ.

'ಇವನಿಗೆ ಕೊಡಬೇಡಿ ಅಯ್ಯನವರೇ, ಇವನು ಕೊಟ್ಟದ್ದನ್ನು ಉಳಿಸಿಕೊಳ್ಳುವವನಲ್ಲ' ಎಂಬ ಮಾತು ಅವಳ ನಾಲಿಗೆಯ ತುದಿಗೇ ಬಂತು.

ಅಯ್ಯನವರು ರೊಟ್ಟಿ ಮುರಿದರು. "ನಿನಗೋಸ್ಕರ ಮುರಿಯಲ್ಪಟ್ಟ ದೇಹ" ಎಂದು ತಮ್ಮನ ಅಂಗೈಯಲ್ಲಿಟ್ಟರು. ನಾಳೆ ಏನು ಮಾಡುತ್ತೀಯ ಎಂದು ಕೇಳಲಿಲ್ಲ. ನುಂಗಿದನೋ ಇಲ್ಲವೋ ಎಂದು ನಿಂತು ನೋಡಲೂ ಇಲ್ಲ. ಅದೇ ಮಾತು ಹೇಳುತ್ತ ಅವಳ ಮುಂದೆ ಬಂದರು.

ಅಂಗೈಯಲ್ಲಿ ತುಂಡು ಬಿದ್ದಾಗ ಅವಳಿಗೆ ಆ ಸುಟ್ಟ ಅಂಗಿ ನೆನಪಾಯಿತು. ಅದರ ಯಜಮಾನನಿಗೆ, ಮೊದಲೇ ಹಾಗಿತ್ತು ಎಂದು ಹಸಿ ಸುಳ್ಳು ಹೇಳಿ ಕಳಿಸಿದ್ದಳು. ಈ ಬಾಯಿಗೂ ಸ್ವಾಮಿ ಇಷ್ಟು ವರ್ಷ ಕೊಡುತ್ತಲೇ ಬಂದನಲ್ಲ. ಒಂದು ಭಾನುವಾರವೂ ಬೆನ್ನು ಹತ್ತಿ ಬಂದು, ನನ್ನ ದೇಹವನ್ನು ಏನು ಮಾಡಿದೆ ಎಂದು ಕೇಳಲಿಲ್ಲವಲ್ಲ! ಅಳು ಬಂತು, ಅದರ ಜೊತೆಗೇ ತುಂಡನ್ನು ನುಂಗಿದಳು.

ಹೊರಗೆ ಮೆಟ್ಟಿಲ ಬಳಿ ತಮ್ಮ ಕಾಯುತ್ತಿದ್ದ. "ಬೈಯಲ್ವಾ?"

"ಬೈಯೋಕೆ ಬಾಯಿ ತುರಿಸ್ತಿದೆ ಕಣೋ. ತಡ್ಕೊಂಡಿದ್ದೀನಿ."

"ನಾನು ಬಿಟ್ಬಿಡ್ತೀನಿ ಅಂತ ಮಾತು ಕೊಡೋಕಾಗಲ್ಲ ಅಕ್ಕಾ."

"ನಾನು ಕೇಳ್ಲಿಲ್ವಲ್ಲ" ಎಂದಳು. ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಕಿಡ್ನಿ ಕೊಡುವಾಗ ಮದ್ದು ಕೊಟ್ಟು ಮಲಗಿಸಿದ್ದರು, ಇದಕ್ಕೆ ಮದ್ದಿಲ್ಲ.

ಬೆಳಿಗ್ಗೆ ಅಂಗಿಯ ಯಜಮಾನನ ಮನೆಗೆ ಹೋಗಿ ನಿಜ ಹೇಳಿ ಬೈಸಿಕೊಂಡಳು. ಆಮೇಲೆ ಕಾಲು ತಾನಾಗಿ ತಮ್ಮನ ಕಟ್ಟಡದ ಕಡೆ ಹೊರಟಿತು. ತಿರುವಿನವರೆಗೆ ಹೋಗಿ, ತುಟಿ ಕಚ್ಚಿ, ಹಿಂದಕ್ಕೆ ಬಂದಳು. ಮಾರನೆಯ ದಿನವೂ ಹೋದಳು, ಬಂದಳು. ಅದೇ ಅವಳ ಪ್ರಾರ್ಥನೆಯಾಯಿತು.

ಒಂದು ಮಧ್ಯಾಹ್ನ ತಮ್ಮ ತಾನಾಗಿ ಅಂಗಡಿಗೆ ಬಂದ. ಒಂದು ಕೈ ಜೇಬಿನೊಳಗಿತ್ತು.

"ಅಕ್ಕಾ, ಒಂದು ಲೋಟ ನೀರು ಕೊಡು."

ಕೊಟ್ಟಳು. ಆ ಕೈಯಲ್ಲಿರುವುದು ಮಾತ್ರೆಯೋ ಬಾಟ್ಲಿಯೋ ಎಂದು ನೋಡದೆ, ಅದು ಜೇಬಿನಿಂದ ಹೊರಗೆ ಬರುವ ಮೊದಲೇ ಅವನಿಗೆ ಬೆನ್ನು ಮಾಡಿ, ಇಸ್ತ್ರಿಪೆಟ್ಟಿಗೆಯನ್ನು ಎತ್ತಿಕೊಂಡಳು.