ಲಿಫ್ಟ್ ಏರಿದಾಗಲೆಲ್ಲ ಏರುತ್ತಿದ್ದ ಲೆಕ್ಕ

ಕಂಪ್ಯೂಟರುಗಳನ್ನು ಜೋಡಿಸುವ ಸ್ವಿಚ್ ಪೆಟ್ಟಿಗೆಯ ಹಸಿರು ದೀಪಗಳು ಮಿನುಗುವುದು ಒಂದು ಕಾಯಿಲೆ ಎಂದೇ ಹೊಸಬ ನಂಬಿದ್ದ. ಆಸ್ಪತ್ರೆಯ ನೆಟ್‌ವರ್ಕ್ ವಿಭಾಗಕ್ಕೆ ಸೇರಿದ ಮೊದಲ ದಿನವೇ, ಮನೆಯ ಟ್ಯೂಬ್‌ಲೈಟಿಗೆ ಮಾಡುವಂತೆ, ಮಿನುಗುತ್ತಿದ್ದ ಕೇಬಲ್‌ಗಳನ್ನೆಲ್ಲ ಒಂದೊಂದಾಗಿ ಕಿತ್ತು ಅದುಮಿ ಸಿಕ್ಕಿಸಿದ. ಎರಡು ಮಹಡಿಯ ಕಂಪ್ಯೂಟರುಗಳು ಬಾಯಿ ಮುಚ್ಚಿಕೊಂಡವು. ಆ ಕೀರ್ತಿ ಎಷ್ಟು ಗಟ್ಟಿಯೆಂದರೆ, ಮೂರು ವರ್ಷವಾದರೂ ಅವನು ಹೊಸಬನೇ.

ಅವತ್ತು ಅವನಿಗೆ ಬೈಯದೆ ಉಳಿದವರು ಹಿರಿಯ ತಂತ್ರಜ್ಞೆ ತಂತಿಯಕ್ಕ ಒಬ್ಬರೇ. "ಮಿನುಗ್ತಾ ಇದ್ರೆ ಮಾತಾಡ್ತಾ ಇದೆ ಅಂತ ಕಣಪ್ಪ. ಆದ್ರೆ ಮಾತಾಡೋರೆಲ್ಲ ನೆಟ್ಟಗೆ ಮಾತಾಡ್ತಾರಾ?"

ಇಪ್ಪತ್ತೆರಡು ವರ್ಷಗಳಿಂದ ಆ ಕಟ್ಟಡದ ಕೇಬಲ್‌ಗಳು ಅವರ ಸುಪರ್ದಿಯಲ್ಲಿವೆ. ದೀಪವನ್ನು ಅವರು ನಂಬುವುದಿಲ್ಲ, ಲೆಕ್ಕವನ್ನು ನಂಬುತ್ತಾರೆ. ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೂ ನಿಮಿಷಕ್ಕೆ ಎಷ್ಟು ಹನಿ ಎಂದು ಎಣಿಸಿದ ಮೇಲೆಯೇ ತಿರುಪು ಬಿಗಿಸುವುದು. ಅಷ್ಟರಲ್ಲಿ ಗಂಡ ಬಕೆಟ್ ತಂದಿಟ್ಟಿರುತ್ತಾರೆ.

ಒಂದು ಸೋಮವಾರ ಸ್ಕ್ಯಾನ್ ಕೋಣೆಯ ಆಪರೇಟರ್‌ಗೆ ನೋಟಿಸ್ ಬಂತು. ಅವಳು ಕಳಿಸುವ ಚಿತ್ರಗಳು ಕೆಲವೊಮ್ಮೆ ಅರ್ಧ ಗಂಟೆ ತಡವಾಗಿ ಡಾಕ್ಟರ ಕಂಪ್ಯೂಟರಿಗೆ ತಲುಪುತ್ತಿದ್ದವು. ಶುಕ್ರವಾರದೊಳಗೆ ಕಾರಣ ಹೇಳದಿದ್ದರೆ ಕೆಲಸ ಹೋದಂತೆಯೇ.

"ನಾನು ಆಗಿಂದಾಗ್ಲೇ ಕಳಿಸ್ತೀನಕ್ಕಾ. ದಾರೀಲಿ ಎಲ್ಲಿ ಕೂತು ಹರಟೆ ಹೊಡೆಯುತ್ತೋ!" ಎಂದು ಅವಳು ಕಣ್ಣೊರೆಸಿಕೊಂಡಳು.

ಹೊಸಬ ಆಗಲೇ ಪರೀಕ್ಷೆ ಮುಗಿಸಿದ್ದ. ದೀಪ ಹಸಿರು, ವೇಗ ಪೂರ್ತಿ. "ಕೇಬಲ್ ಗುಂಡುಕಲ್ಲಿನ ಹಾಗಿದೆ" ಎಂದು ಮ್ಯಾನೇಜರಿಗೂ ಹೇಳಿದ್ದ. ಆ ಮಾತೇ ನೋಟಿಸಿನ ಮೊದಲ ಸಾಲಾಗಿತ್ತು.

ತಂತಿಯಕ್ಕ ಪರದೆಯ ಮುಂದೆ ಕೂತರು. ಚಿತ್ರ ತುಂಡುತುಂಡಾಗಿ ಸಾಗುತ್ತದೆ. ಕೆಟ್ಟು ತಲುಪಿದ ತುಂಡನ್ನು ಸ್ವಿಚ್ ಎಸೆಯುತ್ತದೆ, ಎಸೆದದ್ದನ್ನು ಎಣಿಸಿಡುತ್ತದೆ. ಎಸೆದದ್ದನ್ನೆಲ್ಲ ಮತ್ತೆ ಕಳಿಸಬೇಕು, ಅದಕ್ಕೇ ತಡ. ಅಕ್ಕ ಆ ಲೆಕ್ಕವನ್ನು ಸೊನ್ನೆ ಮಾಡಿ, ಗಡಿಯಾರ ನೋಡಿಕೊಂಡು ಬರೆಯತೊಡಗಿದರು. ಹತ್ತು ನಿಮಿಷ ಸೊನ್ನೆ. ಇದ್ದಕ್ಕಿದ್ದಂತೆ ನಾನೂರು. ಮತ್ತೆ ಅಲುಗಾಟವಿಲ್ಲ. ಆಮೇಲೆ ಒಂದೇ ಏಟಿಗೆ ಒಂಬೈನೂರು.

"ಇದಕ್ಕೆ ಗಾಳಿ ಮೆಟ್ಟಿಕೊಂಡಿದೆ ಅಕ್ಕಾ," ಎಂದ ಹೊಸಬ.

"ಶ್! ಗೋಡೆ ಹಿಂದೆ ಏನದು ಗುರ್ರ್ ಅಂದಿದ್ದು?"

"ಲಿಫ್ಟು. ಹೋದ ತಿಂಗಳು ಹೊಸ ಮೋಟಾರು ಹಾಕಿದ್ರಲ್ಲ."

ಅಕ್ಕನ ಕಣ್ಣು ಅರಳಿತು. "ಹೋಗು, ಹತ್ತು. ಫೋನ್ ಕಿವೀಲೇ ಇರಲಿ."

ಹೊಸಬ ಹನ್ನೊಂದು ಸಲ ಮೇಲೆ ಕೆಳಗೆ ಓಡಾಡಿದ. ಗಾಲಿಕುರ್ಚಿ ಹಿಡಿದು ಕಾಯುತ್ತಿದ್ದ ಆಯಾ ಕೇಳಿಯೇಬಿಟ್ಟಳು, "ಏನಪ್ಪಾ, ಲಿಫ್ಟೇ ನೋಡಿಲ್ವಾ ನೀನು?"

"ಹೊರಟ್ವಿ!" ಎಂದು ಅವನು ಕೂಗಿದಾಗಲೆಲ್ಲ ಲೆಕ್ಕ ಜಿಗಿಯಿತು. ಲಿಫ್ಟ್ ನಿಂತರೆ ಅದೂ ನಿಂತಿತು.

ಏಣಿ ಹಾಕಿ ಚಾವಣಿಯ ಹಲಗೆ ಸರಿಸಿದರು. ಸ್ಕ್ಯಾನ್ ಕೋಣೆಯ ಕೇಬಲ್ಲು ಲಿಫ್ಟ್ ಮೋಟಾರಿನ ದಪ್ಪ ಕರೆಂಟ್ ತಂತಿಯನ್ನು ಇಪ್ಪತ್ತು ಅಡಿ ಉದ್ದಕ್ಕೂ ತಬ್ಬಿಕೊಂಡಿತ್ತು. ಹೊಸ ಮೋಟಾರು ಗದ್ದಲದ್ದು. ಅದು ಹೊರಟಾಗಲೆಲ್ಲ ಅದರ ಕರೆಂಟಿನ ಗದ್ದಲ ಕೇಬಲ್ಲಿಗೂ ನುಗ್ಗಿ ಚಿತ್ರದ ತುಂಡುಗಳನ್ನು ಕೆಡಿಸುತ್ತಿತ್ತು. ಬೇರೆ ಗೋಡೆಯ ಮೇಲೆ ಇನ್ನೊಂದು ಕೇಬಲ್ ಎಳೆದು ಹೊಸಬನನ್ನು ಮತ್ತೆ ಲಿಫ್ಟಿಗೆ ಅಟ್ಟಿದರು. ಲೆಕ್ಕ ಸೊನ್ನೆಯಲ್ಲೇ ಉಳಿಯಿತು.

ಶುಕ್ರವಾರ ಮೂವರೂ ಮ್ಯಾನೇಜರ್ ಮುಂದೆ ನಿಂತರು. ಅವರು ಅಕ್ಕನ ಹಾಳೆಯನ್ನು ಎರಡು ಸಲ ಓದಿದರು.

"ಸರಿ, ಈಕೆಯ ತಪ್ಪಿಲ್ಲ. ಆದ್ರೆ ಕರೆಂಟ್ ತಂತಿಗೆ ಆ ಕೇಬಲ್ಲನ್ನ ಕಟ್ಟಿದ ಮಹಾನುಭಾವರು ಯಾರು?"

ಹೊಸಬ ತನ್ನ ಮೂರು ವರ್ಷದ ಪಾಪಗಳನ್ನೆಲ್ಲ ಗಡಿಬಿಡಿಯಲ್ಲಿ ನೆನಪಿಸಿಕೊಂಡ. ಅವುಗಳಲ್ಲಿ ಇದಿರಲಿಲ್ಲ.

"ನಾನೇ," ಎಂದರು ತಂತಿಯಕ್ಕ. "ಗೋಡೇಲಿ ಕರೆಂಟ್ ತಂತಿಯ ತೂತು ಮೊದಲೇ ಇತ್ತು, ಇನ್ನೊಂದು ಕೊರೆಯೋಕೆ ಸೋಮಾರಿತನ. ನೋಟಿಸಿಗೆ ನನ್ನ ಹೆಸರು ಹಾಕಿ."